ಹೊಲಿಗೆ ಕ್ಲಾಸಿನಲ್ಲಿ ನೂರೈದು ಕೆಜಿ

ಜಿಮ್ ನಡೆಸುವ ಗಂಡಸು ಸಿಕ್ಕಿದರೆ ಜನ "ಎಷ್ಟು ವರ್ಷದಿಂದ ಬಾಡಿ ಮಾಡ್ತಿದೀರ ಸಾರ್?" ಎಂದು ಕೇಳುತ್ತಾರೆ. ಜಿಮ್ ನಡೆಸುವ ಹೆಂಗಸು ಸಿಕ್ಕಿದರೆ "ಮನೆಯವರು ಏನ್ಮಾಡ್ತಿದಾರೆ?" ಎಂದು ಕೇಳುತ್ತಾರೆ. ಕೇಳುವ ದನಿಯಲ್ಲಿ ನನ್ನ ಬಗ್ಗೆ ಕುತೂಹಲಕ್ಕಿಂತ ಅವರ ಬಗ್ಗೆ ಕನಿಕರವೇ ಹೆಚ್ಚಿರುತ್ತದೆ. ನಮ್ಮನೆಯವರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಮಡಿಸಿಟ್ಟ ಕೊಡೆಯಂಥ ಮೈಕಟ್ಟು. ಗಾಳಿ ಜೋರಾಗಿ ಬೀಸಿದ ದಿನ ನಾನೇ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತೇನೆ. ಒಮ್ಮೆ ಅಡಿಗೆಮನೆಯ ಕಪಾಟಿನ ಬಾಗಿಲು ತಗುಲಿ ಅವರ ಹುಬ್ಬು ಊದಿಕೊಂಡಿತ್ತು. ಆ ವಾರವಿಡೀ ನಮ್ಮ ಬಡಾವಣೆ ಆಲ್ಕೊಳದಲ್ಲಿ ಒಬ್ಬನೇ ಒಬ್ಬ ಮನುಷ್ಯನೂ ಅವರನ್ನು "ಏನಾಯ್ತು?" ಎಂದು ಕೇಳಲಿಲ್ಲ. ಸುಮ್ಮನೆ ಭುಜ ತಟ್ಟಿ, ನಿಟ್ಟುಸಿರು ಬಿಟ್ಟು ಮುಂದೆ ಹೋದರು. ಇವರೂ ಕಪಾಟಿನ ಸುದ್ದಿ ಎತ್ತಲಿಲ್ಲ. ಗಂಡಸಿಗೆ ಸಹಾನುಭೂತಿ ಸಿಗುವುದೇ ಅಪರೂಪ, ಸಿಕ್ಕಾಗ ಬೇಡ ಎನ್ನಬಾರದು ಎನ್ನುವುದು ಅವರ ವಾದ.

ಇಷ್ಟಾದರೂ ನಾನು ನೇರ ನಡೆಯ ಹೆಂಗಸು ಎಂದು ಹೆಸರು ಪಡೆದವಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ ನೆಂಟಸ್ತಿಕೆ ಕೆಡಿಸಿಕೊಂಡವಳು. ಅಂಥ ನಾನು ಕಳೆದ ಒಂದು ವರ್ಷದಿಂದ ಇಡೀ ಒಂದು ಬೀದಿಯ ಅತ್ತೆಯರಿಗೆ ಟೋಪಿ ಹಾಕುತ್ತಾ ಬಂದಿದ್ದೇನೆ. ಅದು ಹೇಗಾಯಿತೆಂದು ಯಾರಿಗಾದರೂ ಒಪ್ಪಿಸಿಬಿಟ್ಟರೆ ಮನಸ್ಸು ಹಗುರವಾದೀತು ಎಂದು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎಡಗಡೆ ಮನೆಯವರು ತಮಿಳಿನಲ್ಲಿ ಬೈಯುತ್ತಿದ್ದರು, ಬಲಗಡೆಯವರು ತೆಲುಗಿನಲ್ಲಿ. ಅಮ್ಮ ಇಬ್ಬರಿಗೂ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಅಪ್ಪ ಶಿಫ್ಟು ಮುಗಿಸಿ ಬೀದಿ ತುದಿಯ ವ್ಯಾಯಾಮಶಾಲೆಗೆ ಹೋಗುತ್ತಿದ್ದರು, ಬಾಲದ ಹಾಗೆ ಹಿಂದೆ ನಾನು. ಹತ್ತನೇ ಕ್ಲಾಸಿನ ಹೊತ್ತಿಗೆ ನಾನು ಅಲ್ಲಿನ ಕಾಲೇಜು ಹುಡುಗರಿಗಿಂತ ಹೆಚ್ಚು ಭಾರ ಎತ್ತುತ್ತಿದ್ದೆ. "ಇವಳನ್ನ ಯಾರು ಮದುವೆ ಆಗ್ತಾರ್ರೀ?" ಎಂದು ಅಮ್ಮ ಅತ್ತರೆ ಅಪ್ಪ "ಆಗಲ್ಲ ಅಂದವನನ್ನ ಇವಳೇ ಎತ್ಕೊಂಡ್ ಬರ್ತಾಳೆ ಬಿಡು" ಎನ್ನುತ್ತಿದ್ದರು. ಹಾಗೇನೂ ಆಗಲಿಲ್ಲ, ಇವರು ಸ್ವ-ಇಚ್ಛೆಯಿಂದಲೇ ಬಂದರು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಹನ್ನೊಂದು ವರ್ಷ ಒಂದು ದೊಡ್ಡ ಜಿಮ್ಮಿನಲ್ಲಿ 'ಲೇಡೀಸ್ ಟ್ರೇನರ್' ಆಗಿದ್ದೆ. ಲೇಡೀಸ್ ಟ್ರೇನರ್ ಎಂದರೆ ಹೆಂಗಸರನ್ನು ಓಡುವ ಯಂತ್ರದ ಮೇಲೆ ಹತ್ತಿಸುವುದು, ಬೀಳದ ಹಾಗೆ ನೋಡಿಕೊಳ್ಳುವುದು, ಇಳಿಸುವುದು. ಅವರನ್ನು ಕಬ್ಬಿಣದ ಹತ್ತಿರ ಬಿಡುವ ಹಾಗಿರಲಿಲ್ಲ. "ಲೇಡೀಸ್‌ಗೆ ಅಂತ ಪಿಂಕ್ ಡಂಬೆಲ್ ತರಿಸಿದೀನಲ್ಲ ಮೇಡಂ" ಎನ್ನುತ್ತಿದ್ದ ಮಾಲೀಕ. ಆ ಡಂಬೆಲ್ಲು ಒಂದು ಕಟ್ಟು ಕೊತ್ತಂಬರಿಗಿಂತ ಸ್ವಲ್ಪ ಭಾರವಿತ್ತು. ಒಂದು ದಿನ ಅದನ್ನು ಅವನ ಮೇಜಿನ ಮೇಲಿಟ್ಟು, "ಫ್ಯಾನ್ ಗಾಳಿಗೆ ಪೇಪರ್ ಹಾರದ ಹಾಗೆ ಇಟ್ಕೊಳ್ಳಿ" ಎಂದು ಹೇಳಿ ಹೊರಗೆ ಬಂದುಬಿಟ್ಟೆ.

ಆಲ್ಕೊಳ ಸರ್ಕಲ್ಲಿನಿಂದ ಎರಡು ತಿರುವು ಒಳಗೆ, ಒಂದು ಮಹಡಿಯ ಮೇಲೆ ಉದ್ದನೆಯ ಹಾಲು ಬಾಡಿಗೆಗೆ ಸಿಕ್ಕಿತು. ಹೆಂಗಸರಿಗೆ ಮಾತ್ರ, ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಎಂದು ನಿಶ್ಚಯಿಸಿದೆ. ರಾಡು, ಪ್ಲೇಟುಗಳನ್ನು ಭದ್ರಾವತಿಯ ಲೇತ್ ಅಂಗಡಿಯಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರು ಮಾಡಿಕೊಟ್ಟರು. ಇಪ್ಪತ್ತು ಕೆಜಿ ಎಂದು ಬರೆದಿರುವ ಒಂದೊಂದು ಪ್ಲೇಟಿನಲ್ಲೂ ಒಂದು ಹಿಡಿ ಜಾಸ್ತಿಯೇ ಇದೆ. ಭದ್ರಾವತಿಯವರು ಕಬ್ಬಿಣದ ವಿಷಯದಲ್ಲಿ ಜಿಪುಣರಲ್ಲ. ನಮ್ಮ ಹಾಲಿನ ಕೆಳಗೆ ಖಲೀಲ್ ಸಾಹೇಬರ ಅಂಗಡಿ. ಗಾಂಧಿ ಬಜಾರಿನ ಸಂದಿಯೊಂದರಲ್ಲಿ ನಲವತ್ತು ವರ್ಷ ಹೆಂಗಸರ ರವಿಕೆ ಹೊಲಿದು, ಗದ್ದಲ ಸಾಕಾಗಿ ಇಲ್ಲಿಗೆ ಬಂದಿದ್ದ ದರ್ಜಿ. ಬಿಳಿ ಗಡ್ಡ, ಕೊರಳಲ್ಲಿ ಟೇಪು. ಅವರ 'ಲೇಡೀಸ್ ಟೈಲರ್' ಬೋರ್ಡು ಬೀದಿಗೆಲ್ಲ ಕಾಣುವಂತಿತ್ತು. ನನ್ನ ಬೋರ್ಡು ಇನ್ನೂ ಬರೆಯುವವನ ಹತ್ತಿರವೇ ಇತ್ತು. ಮುಂದಿನ ಅನಾಹುತಕ್ಕೆಲ್ಲ ಆ ಬೋರ್ಡು ಬರೆಯುವವನ ಸೋಮಾರಿತನವೇ ಮೂಲ ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಮೊದಲ ತಿಂಗಳು ಬಂದವರು ಏಳು ಜನ. ಬಂದವರೆಲ್ಲರ ಬೇಡಿಕೆಯೂ ಒಂದೇ, "ಹೊಟ್ಟೆ ಇಳೀಬೇಕು, ಆದ್ರೆ ಮುಖ ಇಳೀಬಾರ್ದು." ಒಬ್ಬರಂತೂ ಎಡಗಡೆ ಸೊಂಟ ಮಾತ್ರ ಕರಗಿಸಿಕೊಡಲು ಸಾಧ್ಯವೇ ಎಂದು ಕೇಳಿದರು, ಫೋಟೋದಲ್ಲಿ ಯಾವಾಗಲೂ ಆ ಕಡೆಯೇ ಬೀಳುತ್ತದಂತೆ. ಎಂಟನೆಯವಳಾಗಿ ಬಂದವಳು ಭಾಗ್ಯ. ಮೂವತ್ತನಾಲ್ಕು ವರ್ಷ, ತವರು ಹೊಳಲೂರು, ಗಂಡನಿಗೆ ಗಾಂಧಿ ಬಜಾರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ, ಶಾಲೆಗೆ ಹೋಗುವ ಎರಡು ಮಕ್ಕಳು, ಮನೆಯಲ್ಲಿ ಅತ್ತೆ. ಕೈಯಲ್ಲಿ ಒಂದು ಬಟ್ಟೆಚೀಲ. ಅದರಿಂದ ಕತ್ತರಿಯ ಹಿಡಿ ಹೊರಗೆ ಇಣುಕುತ್ತಿತ್ತು.

"ತೂಕ ಇಳಿಸ್ಬೇಕಾ?" ಎಂದು ಕೇಳಿದೆ.

"ಬೇಡ ಮೇಡಂ. ದಿನಾ ಒಂದು ಗಂಟೆ ಯಾರೂ ನನ್ನ ಕರೀಬಾರ್ದು. ಅಷ್ಟೇ."

ಮನೆಯಲ್ಲಿ ಭಾಗ್ಯಾ ಕನ್ನಡಕ, ಭಾಗ್ಯಾ ಸಾಕ್ಸು, ಭಾಗ್ಯಾ ಹಾಲು ಉಕ್ತಿದೆ ಎಂದು ಬೆಳಗಿನಿಂದ ಕೂಗು. ಇವಳದ್ದು ಒಂದೇ ಉತ್ತರ, "ಬಂದೇ!" ಎಲ್ಲಿಂದ ಎಲ್ಲಿಗೆ ಬಂದೆ ಎನ್ನುವುದೇ ಮರೆತುಹೋಗಿದೆ ಎಂದಳು. ಅತ್ತೆ ಜಯಲಕ್ಷ್ಮಮ್ಮನಿಗೆ ಜಿಮ್ ಎಂದರೆ ಆಗದು. ಹಿಂದೊಮ್ಮೆ ಮಾತೆತ್ತಿದಾಗ "ಹಿತ್ಲು ಗುಡ್ಸಿದ್ರೆ ಕರಗದ ಬೊಜ್ಜು ದುಡ್ಡು ಕೊಟ್ರೆ ಕರಗುತ್ತೇನೇ ಮಾರಾಯ್ತಿ?" ಎಂದು ಕೇಳಿ, ಪೊರಕೆಯನ್ನೂ ತೋರಿಸಿದ್ದರಂತೆ. ಆದ್ದರಿಂದ ಭಾಗ್ಯ ಕೆಳಗಿನ ಬೋರ್ಡು ನೋಡಿ ಮನೆಯಲ್ಲಿ ಹೊಲಿಗೆ ಕ್ಲಾಸಿಗೆ ಸೇರಿದ್ದೇನೆ ಎಂದು ಹೇಳಿ ಬಂದಿದ್ದಳು. "ಯಾರಾದ್ರೂ ಕೇಳಿದ್ರೆ ನೀವು ಹೊಲಿಗೆ ಟೀಚರ್ ಅನ್ನಿ ಮೇಡಂ, ನಿಮ್ಮ ದಮ್ಮಯ್ಯ." ಯಾರು ಬಂದು ಕೇಳುತ್ತಾರೆ ಎಂದುಕೊಂಡು ಹೂಂ ಎಂದುಬಿಟ್ಟೆ.

ಬರೀ ರಾಡು ಕೊಟ್ಟು, ಮೊಣಕಾಲು ಬಗ್ಗಿಸಿ ಬೆನ್ನು ನೇರ ಇಟ್ಟು ನೆಲದಿಂದ ಎತ್ತು ಎಂದೆ. ಪೊರಕೆ ಎತ್ತಿದ ಹಾಗೆ ಎತ್ತಿದಳು. ಎತ್ತಿದವಳು ಸುತ್ತ ನೋಡಿ, "ಎಲ್ಲಿಡ್ಲಿ ಮೇಡಂ?" ಎಂದಳು.

"ಅಲ್ಲೇ ಇಡು."

"ಇದ್ದ ಜಾಗದಲ್ಲೇ ಇಡೋದಾದ್ರೆ ಎತ್ತೋದ್ಯಾಕೆ?"

ಉತ್ತರದ ಬದಲು ಪ್ಲೇಟು ಸೇರಿಸಿದೆ. ನಲವತ್ತಾಯಿತು, ಐವತ್ತಾಯಿತು, ಅರವತ್ತಾಯಿತು. ಪ್ರತಿಸಲವೂ ಎತ್ತಿ, ಮನೆ ಬದಲಾಯಿಸಲು ಬಂದವಳ ಹಾಗೆ ಎಲ್ಲಿಡಲಿ ಎಂದು ನೋಡುತ್ತಿದ್ದಳು. ಬೇರೆ ಹೆಂಗಸರು ತಮ್ಮ ವ್ಯಾಯಾಮ ನಿಲ್ಲಿಸಿ ಅವಳನ್ನೇ ನೋಡತೊಡಗಿದರು. ತವರಿನಲ್ಲಿ ಭತ್ತದ ಮೂಟೆ, ಇಲ್ಲಿ ಗ್ಯಾಸ್ ಸಿಲಿಂಡರು, ನೀರಿನ ಡ್ರಮ್ಮು. ಇಷ್ಟು ವರ್ಷ ಬಿಟ್ಟಿಯಾಗಿ ತಯಾರಾದ ಸೊಂಟ ಅದು. ನನಗೆ ರೋಮಾಂಚನವಾಯಿತು. ನಾನು ಹುಡುಗಿಯಾಗಿದ್ದಾಗ ಅಪ್ಪ ನನ್ನನ್ನು ನೋಡುತ್ತಿದ್ದ ಹಾಗೆಯೇ ಅವಳನ್ನು ನೋಡುತ್ತಿದ್ದೆನೇನೋ. ಪಾಪ, ಒಂದು ಗಂಟೆ ಯಾರೂ ಕರೆಯಬಾರದು ಎಂದು ಬಂದವಳನ್ನು ಆ ಗಂಟೆಯುದ್ದಕ್ಕೂ "ಭಾಗ್ಯ ಬೆನ್ನು! ಭಾಗ್ಯ ಉಸಿರು! ಭಾಗ್ಯ ಇನ್ನೊಂದು!" ಎಂದು ನಾನೇ ಕೂಗುತ್ತಿದ್ದೆ.

ಎರಡನೇ ತಿಂಗಳು ಅತ್ತೆ ಕೇಳಿದರು, "ಏನು ಕಲಿತೆ, ತೋರ್ಸು ನೋಡಣ." ಹುಕ್ಕು, ಕಾಜಾ ಎಂದು ಭಾಗ್ಯ ನಾಲ್ಕು ದಿನ ತಳ್ಳಿದಳು. ಐದನೇ ದಿನ ಅತ್ತೆ ತಮ್ಮ ಹಳೆಯ ರವಿಕೆಯೊಂದನ್ನು ಅಳತೆಗೆ ಕೊಟ್ಟು, ಹಸಿರು ರವಿಕೆ ಕಣ ಕೈಯಲ್ಲಿಟ್ಟು, "ಹೆಂಗ್ ಬರುತ್ತೋ ಹಂಗ್ ಹೊಲಿ, ನಾನು ಹಾಕ್ಕೊಳ್ತೀನಿ" ಎಂದುಬಿಟ್ಟರು. ಅತ್ತೆ ಪ್ರೀತಿಯಿಂದ ಕೇಳಿದರೆ ಸೊಸೆ ಸತ್ತಳೆಂದೇ ಲೆಕ್ಕ. ಭಾಗ್ಯ ಕಣ್ಣೀರು ಹಾಕಿಕೊಂಡು ಮೇಲೆ ಬಂದಳು. ನಾನು ಕಣ ಹಿಡಿದುಕೊಂಡು ಕೆಳಗೆ ಹೋದೆ.

"ಸುಳ್ಳಿಗೆ ನಾನು ಹೊಲಿಯಲ್ಲ ಬೇಟಿ" ಎಂದರು ಖಲೀಲ್ ಸಾಹೇಬರು. ಹಾಗೆ ಹೇಳುತ್ತಾ ಮೇಲಿನ ಹಲಗೆಯಿಂದ ದಾರದ ಡಬ್ಬಿ ತೆಗೆಯಲು ಹೋಗಿ "ಯಾ ಅಲ್ಲಾ" ಎಂದು ಬಲಭುಜ ಹಿಡಿದುಕೊಂಡರು. ಆರು ತಿಂಗಳಿಂದ ಕೈ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲವಂತೆ. ನನಗೆ ಅಷ್ಟೇ ಸಾಕಾಗಿತ್ತು. ಅವರ ಭುಜ ನಾನು ಸರಿಮಾಡುವುದು, ಭಾಗ್ಯಳ ರವಿಕೆ ಅವರು ಹೊಲಿಯುವುದು ಎಂದು ಒಪ್ಪಂದವಾಯಿತು. ಅಂದಿನಿಂದ ಸಾಹೇಬರು ದಿನಾ ಅಂಗಡಿಯ ಮುಂದೆ ಗಜಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡುತ್ತಾ ನಿಲ್ಲುತ್ತಿದ್ದರು. ಅವರು ಆಟೋ ಕರೆಯುತ್ತಿದ್ದಾರೆಂದು ತಿಳಿದು ದಾರಿಹೋಕರು ಆಟೋ ನಿಲ್ಲಿಸಿ ಕೊಡುತ್ತಿದ್ದರು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಎರಡು ತಿಂಗಳು ಕಲಿತವಳ ರವಿಕೆ ಸ್ವಲ್ಪವಾದರೂ ಕೆಟ್ಟದಾಗಿರಬೇಕಲ್ಲ? "ಒಂದು ತೋಳು ಬಿಗಿ ಮಾಡಿ ಸಾಹೇಬ್ರೆ, ಇಲ್ಲಾ ಕೊರಳು ಓರೆ ಮಾಡಿ" ಎಂದು ಬೇಡಿಕೊಂಡೆ. ತಲೆ ಕೆಳಗೆ ಹಾಕಿ ಒಪ್ಪಿದರು. ಒಂದು ತೋಳು ಬಿಗಿ ಮಾಡಿ ಕೊಟ್ಟೂಬಿಟ್ಟರು. ಅರ್ಧ ಗಂಟೆಗೆಲ್ಲ ಮೆಟ್ಟಿಲ ಮೇಲೆ ನಿಂತು, ಒಳಗೆ ಹೆಂಗಸರಿದ್ದಾರೆಂದು ಗೋಡೆಯ ಕಡೆ ಮುಖ ಮಾಡಿಕೊಂಡು, "ಮೇಡಂ, ಅದು ವಾಪಸ್ ಕೊಡಿ. ಊಟ ಸೇರ್ತಿಲ್ಲ" ಎಂದರು. "ನಲವತ್ತು ವರ್ಷದಲ್ಲಿ ಕೆಟ್ಟದಾಗಿ ಹೊಲಿದಿಲ್ಲ. ಈಗ ಕಲಿಯೋಕೆ ವಯಸ್ಸಾಯ್ತು." ಹೀಗಾಗಿ ಕಲಿಕೆಯವಳ ಮೊದಲ ರವಿಕೆ ಶಿವಮೊಗ್ಗದ ಅತ್ಯುತ್ತಮ ದರ್ಜಿಯ ಕೈಯಲ್ಲಿ ತಯಾರಾಗಿ ಜಯಲಕ್ಷ್ಮಮ್ಮನ ಮನೆಗೆ ಹೋಯಿತು.

ಅವರು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತವರು ಎಷ್ಟು ಹೊತ್ತಾದರೂ ಈಚೆಗೆ ಬರಲಿಲ್ಲವಂತೆ. ಭಾಗ್ಯ ಹೆದರಿ ಬಾಗಿಲು ತಟ್ಟಿದಳು. ಹೊರಗೆ ಬಂದ ಅತ್ತೆ ಕೈ ಮೇಲೆತ್ತಿ, ಕೆಳಗಿಳಿಸಿ, "ಮದುವೆ ರವಿಕೇನೂ ಹಿಂಗ್ ಕೂತಿರ್ಲಿಲ್ಲ ಕಣೇ" ಎಂದರು. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ಕಂಕುಳಲ್ಲಿ ಹಿಡಿಯದ ರವಿಕೆ. ಆ ಸಂಜೆ ಬೀದಿಯುದ್ದಕ್ಕೂ ಎರಡು ಸಲ ನಡೆದು, ಎಲ್ಲರ ಮನೆ ಮುಂದೆಯೂ ನಿಂತು ಮಾತಾಡಿಸಿ, ಬೇಕೆಂದೇ ಸೆರಗು ಜಾರಿಸಿ ತೋರಿಸಿದರಂತೆ. ಮರುವಾರ ಎರಡು ಕಣ ಬಂತು. ಅದರ ಮರುವಾರ ಪಕ್ಕದ ಮನೆಯವರದೂ ಸೇರಿ ನಾಲ್ಕು. ಸಾಹೇಬರ ಕೈ ಕಿವಿ ದಾಟಿ ಮೇಲೆದ್ದಿತು, ಭಾಗ್ಯ ಎಂಬತ್ತು ಕೆಜಿ ದಾಟಿದಳು, ಅತ್ತೆ ಅವಳನ್ನು ಕ್ಲಾಸಿಗೆ ತಾವೇ ಹೊತ್ತಿಗೆ ಸರಿಯಾಗಿ ಹೊರಡಿಸುವುದಕ್ಕೆ ಶುರುಮಾಡಿದರು. "ಪಾತ್ರೆ ನಾನು ತೊಳೀತೀನಿ, ನೀನು ಹೋಗು, ಕೈ ಮರಗಟ್ಟಿಸ್ಕೋಬೇಡ." ಇಷ್ಟರಲ್ಲಿ ನನ್ನ ಬೋರ್ಡು ಬಂತು. ನಾನು ತೋಳು ಮಡಚಿ ನಿಂತ ಚಿತ್ರ, ಮೇಲೆ ದೊಡ್ಡಕ್ಷರದಲ್ಲಿ ಹೆಸರು. ಭಾಗ್ಯ ಕೈಮುಗಿದಳು. ಬೋರ್ಡನ್ನು ಹಾಲಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದೆ.

ಆಮೇಲೆ ಭದ್ರಾವತಿಯಲ್ಲಿ ಹೆಂಗಸರ ಭಾರ ಎತ್ತುವ ಸ್ಪರ್ಧೆ ಇದೆಯೆಂದು ತಿಳಿಯಿತು. ನೆಲದಿಂದ ರಾಡು ಎತ್ತಿ ನೆಟ್ಟಗೆ ನಿಲ್ಲುವುದು, ಅಷ್ಟೇ, ಮೂರು ಅವಕಾಶ. ಭಾಗ್ಯಳ ಹೆಸರು ಕೊಟ್ಟೆ. ಮನೆಯಲ್ಲಿ ಕಸೂತಿ ಪರೀಕ್ಷೆ ಎಂದಳು. ಬೆಳಗ್ಗೆ ಬಸ್ ಸ್ಟಾಂಡಿಗೆ ಬಂದಾಗ ಅವಳ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಕಣ್ಣಲ್ಲಿ ನೀರು. ಹೊರಡುವಾಗ ಅತ್ತೆ ತಲೆ ಸವರಿ, "ಹೆದರ್ಬೇಡ. ಸೂಜಿ ಜೋಪಾನ" ಎಂದು ಕಳಿಸಿದ್ದರು. "ಪಾಪ ಅನ್ಸುತ್ತೆ ಮೇಡಂ. ಬೈದು ಕಳ್ಸಿದ್ರೆ ಚೆನ್ನಾಗಿರ್ತಿತ್ತು" ಎಂದು ಬಸ್ಸಿನುದ್ದಕ್ಕೂ ಮೂಗು ಒರೆಸಿಕೊಂಡಳು. ನಾನು ಸಮಾಧಾನ ಮಾಡುತ್ತಾ ಚಿತ್ರಾನ್ನ ಮುಗಿಸಿದೆ.

ಅಲ್ಲಿ ಬಂದಿದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಮೈಗಂಟಿದ ಬಟ್ಟೆ, ಕಿವಿಯಲ್ಲಿ ಹಾಡು, ಬಾಳೆಹಣ್ಣು. ಭಾಗ್ಯ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಿಂತಳು. ಆಮೇಲೆ ನಾನು ತಂದಿದ್ದ ಟೀ-ಶರ್ಟು ಹಾಕಿಸಿದೆ. ಮೊದಲ ಸಲ ಎಂಬತ್ತೈದು ಎತ್ತಿದಳು. ಎರಡನೇ ಸಲ ತೊಂಬತ್ತೈದು ಎತ್ತಿದಳು. ಮೂರನೆಯದಕ್ಕೆ ನೂರು ಕೆಜಿ ಎತ್ತಿದ ಹುಡುಗಿಯೊಬ್ಬಳು ಮುಂದಿದ್ದಳು. ನಾನು ನೂರೈದು ಎಂದು ಬರೆಸಿದೆ. ಅಷ್ಟು ಅವಳು ಯಾವತ್ತೂ ಎತ್ತಿರಲಿಲ್ಲ. ರಾಡಿಗೆ ಕೈ ಹಾಕಿ ಎಳೆದಳು. ಅದು ನೆಲಕ್ಕೆ ಬೇರು ಬಿಟ್ಟ ಹಾಗೆ ಕೂತಿತ್ತು. ಮುಖ ಕೆಂಪಾಯಿತು. ಮೈಕಿನಲ್ಲಿ ಕೂಗುವವನು ಹುರುಪಿನಿಂದ "ಭಾಗ್ಯಾ! ಭಾಗ್ಯಾ!" ಎಂದು ಅವಳ ಹೆಸರು ಕೂಗಿದ. ಕೂಗಿದ್ದೇ ತಡ, ಅವಳ ಹೊಟ್ಟೆಯಾಳದಿಂದ ಇಡೀ ಸಭಾಂಗಣ ನಡುಗುವ ಹಾಗೆ "ಬಂದೇ!" ಎಂದು ಉತ್ತರ ಬಂತು. ಅದರ ಜೊತೆಗೇ ರಾಡೂ ಬಂತು. ಮೊಣಕಾಲು ದಾಟಿತು, ತೊಡೆ ದಾಟಿತು, ಅವಳು ನೆಟ್ಟಗೆ ನಿಂತಳು. ತೀರ್ಪುಗಾರರ ಒಪ್ಪಿಗೆಯ ಮೂರು ಬಿಳಿ ಬಾವುಟ ಮೇಲೆದ್ದವು. ಜನ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಅಳುತ್ತಿದ್ದೆ. ಅದನ್ನು ಯಾರಿಗೂ ಹೇಳಬೇಡಿ.

ಚಿನ್ನದ ಬಣ್ಣದ ಮೆಡಲು ಕೊಟ್ಟರು. ಅದರಲ್ಲಿ ಚಡ್ಡಿ ಹಾಕಿದ ಗಂಡಸೊಬ್ಬ ರಾಡನ್ನು ತಲೆಯ ಮೇಲೆತ್ತಿ ನಿಂತಿದ್ದ. ಬಚ್ಚಿಡು ಎಂದು ಹೇಳಿದ್ದೆ. ಆದರೆ ಪರೀಕ್ಷೆ ಏನಾಯ್ತು ಎಂದು ಬಾಗಿಲಲ್ಲೇ ಕಾದು ನಿಂತಿದ್ದ ಅತ್ತೆಯ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ, ಫಸ್ಟ್ ಬಂದೆ ಎಂದು ತೋರಿಸಿಬಿಟ್ಟಳು. ಜಯಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಮೆಡಲನ್ನು ತಿರುಗಿಸಿ ನೋಡಿದರು.

"ಇದೇನೇ, ಚಡ್ಡಿ ಹಾಕ್ಕೊಂಡು ಏನೋ ಎತ್ಕೊಂಡ್ ನಿಂತಿದಾನೆ?"

"ಬಟ್ಟೆ ತಾನು ಅತ್ತೆ" ಎಂದಳು ಭಾಗ್ಯ. "ಕೋಲಿಗೆ ಸುತ್ತಿರೋ ಇಡೀ ಬಟ್ಟೆ. ಅಂಗಡಿಯವನು ತೋರಿಸ್ತಿದಾನೆ."

"ಅಷ್ಟೊಂದು ಬಟ್ಟೆ ಇಟ್ಕೊಂಡು ಅವನಿಗೊಂದು ಪ್ಯಾಂಟ್ ಹೊಲಿಸ್ಕೊಳ್ಳೋಕಾಗ್ಲಿಲ್ವಾ?" ಎಂದು ಅತ್ತೆ ಅದನ್ನು ಟಿವಿಯ ಮೇಲೆ ನೇತುಹಾಕಿದರು.

ಅದಾಗಿ ಹದಿನೈದು ದಿನಕ್ಕೆ, ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ, ಕೆಳಗಿನಿಂದ ಖಲೀಲ್ ಸಾಹೇಬರ ದನಿ ಕೇಳಿಸಿತು. "ಮೇಡಂ! ಕಸ್ಟಮರ್! ದೊಡ್ಡ ಕಸ್ಟಮರ್!" ಎಚ್ಚರಿಕೆಯ ಕೂಗು ಎಂದು ನನಗೆ ಹೊಳೆಯುವಷ್ಟರಲ್ಲಿ ಹಸಿರು ರವಿಕೆ ತೊಟ್ಟ ಹೆಂಗಸೊಬ್ಬರು ಎರಡು ಕೈಯಲ್ಲೂ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಲಿನಲ್ಲಿ ಮೂವರು ಕಾಲು ಮೇಲೆ ಮಾಡಿ ಮಲಗಿದ್ದರು. ಒಬ್ಬರು ಚೆಂಡಿನ ಮೇಲೆ ಬೋರಲಾಗಿದ್ದರು. ನಡುವೆ ಭಾಗ್ಯ ತೊಂಬತ್ತು ಕೆಜಿ ಎತ್ತಿ ನಿಂತಿದ್ದಳು. ಅತ್ತೆಯನ್ನು ಕಂಡವಳೇ ಕಲ್ಲಾದಳು. ರಾಡು ಕೈಯಲ್ಲೇ ಇತ್ತು, ಕೆಳಗಿಡುವುದೂ ಮರೆತುಹೋಗಿತ್ತು. "ಅಳತೆ... ಅಳತೆ ತಗೊಳ್ತಿದೀವಿ" ಎಂದೆ ನಾನು. ಇಷ್ಟು ದಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ.

ಜಯಲಕ್ಷ್ಮಮ್ಮ ನನ್ನ ಕಡೆ ತಿರುಗಲೇ ಇಲ್ಲ. "ಮೊದ್ಲು ಅದನ್ನ ಇಳ್ಸು" ಎಂದರು ಸೊಸೆಗೆ. "ಸೊಂಟ ಹಿಡ್ಕೊಂಡ್ರೆ ನಾಳೆ ಯಾರು ನೋಡ್ತಾರೆ?" ಅವಳು ಇಳಿಸಿದಳು. ನೆಲ ಧಡ್ ಎಂದಿತು. ಆಮೇಲೆ ನನ್ನತ್ತ ನೋಡಿದರು.

"ನೀವೇನಾ ಟೀಚರು?"

"ಹೌದು."

"ಹೊಲಿಯೋಕೆ ಬರುತ್ತಾ?"

"ಇಲ್ಲ."

"ಹಂಗಾದ್ರೆ ಇದನ್ನ ಹೊಲಿದೋರು ಯಾರು?" ಎಂದು ತಮ್ಮ ರವಿಕೆ ಮುಟ್ಟಿಕೊಂಡರು. ಮೆಟ್ಟಿಲಲ್ಲಿ ಗೋಡೆ ನೋಡುತ್ತಾ ನಿಂತಿದ್ದ ಸಾಹೇಬರು ಮೆಲ್ಲಗೆ 'ನಾನಮ್ಮಾ' ಎಂದರು. ಜಯಲಕ್ಷ್ಮಮ್ಮ ಸರಕ್ಕನೆ ಸೆರಗು ಹೊದ್ದುಕೊಂಡರು. ಐದು ತಿಂಗಳು ಊರಿಗೆಲ್ಲ ತೋರಿಸಿದ್ದು ಆಗ ನೆನಪಾಗಿರಬೇಕು.

ನನ್ನ ತಲೆಯಲ್ಲಿ ಒಂದೇ ಯೋಚನೆ: ಈಕೆ ಕೆಳಗಿಳಿದು ಬಾಯಿ ಬಿಟ್ಟರೆ ಸಂಜೆಯೊಳಗೆ ಆ ಬೀದಿಯ ಒಬ್ಬ ಸೊಸೆಯೂ ಇತ್ತ ತಲೆ ಹಾಕುವುದಿಲ್ಲ, ಜಿಮ್ಮು ಮುಚ್ಚುತ್ತದೆ, ನಾನು ಮತ್ತೆ ಪಿಂಕ್ ಡಂಬೆಲ್ಲಿನವನ ಬಾಗಿಲಿಗೆ ಹೋಗಬೇಕು. ಭಾಗ್ಯ ಮುಂದೆ ಬಂದಳು. ಕೈಯೆಲ್ಲ ರಾಡು ಜಾರದಿರಲು ಹಚ್ಚಿದ ಬಿಳಿ ಪುಡಿ. "ಅತ್ತೆ, ಮೆಡಲ್ ಬಂದಿದ್ದು ಹೊಲಿಗೆಗಲ್ಲ. ಇದಕ್ಕೆ. ನನಗೆ ಇದು ಬರುತ್ತೆ ಅತ್ತೆ. ನನಗೆ ಚೆನ್ನಾಗಿ ಬರೋದು ಇದೊಂದೇ" ಎಂದಳು. ನಿಂತ ನಿಲುವು ನೆಟ್ಟಗಿತ್ತು.

ಅತ್ತೆ ಗಂಟುಗಳನ್ನು ಕೆಳಗಿಟ್ಟು ಬೆಂಚಿನ ಮೇಲೆ ಕೂತರು. ಪ್ಲೇಟುಗಳ ಮೇಲೆ ಬರೆದಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದರು.

"ಎಷ್ಟು ಎತ್ತಿದ್ದೆ ಅವತ್ತು?"

"ನೂರೈದು ಕೆಜಿ."

"ಅಂದ್ರೆ?"

ಭಾಗ್ಯ ಯೋಚಿಸಿದಳು. "ಅಂದ್ರೆ... ನೀವು ಪೂರ್ತಿ, ನಿಮ್ಮ ಮಗ ಅರ್ಧ."

"ಅವನು ಯಾವತ್ತೂ ಅರ್ಧಾನೇ" ಎಂದರು ಜಯಲಕ್ಷ್ಮಮ್ಮ. ಚೆಂಡಿನ ಮೇಲಿದ್ದವರು ನಗು ತಡೆಯಲಾರದೆ ಉರುಳಿ ಬಿದ್ದರು. ಆದರೆ ಅತ್ತೆ ನಗಲಿಲ್ಲ. ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. "ಅಲ್ಲ, ನಾದಿನಿ ಮಗಳ ಮದುವೆಗೆ ಇಪ್ಪತ್ಮೂರು ರವಿಕೆ ಒಪ್ಕೊಂಡ್ ಬಂದಿದೀನಲ್ರೀ! ನನ್ನ ಸೊಸೆ ಹೊಲೀತಾಳೆ ಅಂತ ಎದೆ ತಟ್ಕೊಂಡು ಹೇಳಿದೀನಿ. ಈಗ ಅವಳಿಗೆ ಸೂಜೀನೇ ಹಿಡಿಯೋಕ್ ಬರಲ್ಲ ಅಂದ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ?" ಎಂದವರೇ ಎದ್ದು ನಿಂತು, ಸಭೆಗೆ ತೀರ್ಪು ಕೊಟ್ಟರು. ಇಲ್ಲಿ ನಡೆಯುವುದು ಹೊಲಿಗೆ ಕ್ಲಾಸು. ಯಾರಾದರೂ ಬಾಯಿ ಬಿಟ್ಟರೆ ಜೋಕೆ. ಸೊಸೆ ಏನು ಬೇಕಾದರೂ ಎತ್ತಲಿ, ರವಿಕೆ ಮಾತ್ರ ಹೊತ್ತಿಗೆ ಸರಿಯಾಗಿ ಮನೆಗೆ ಬರಬೇಕು. ಹೊರಡುವಾಗ ಮೆಟ್ಟಿಲಲ್ಲಿ ನಿಂತು, ಸಾಹೇಬರ ಕಡೆ ನೋಡದೆ, "ತೋಳು ಇನ್ನೊಂದು ಚೂರು ಉದ್ದ ಇರ್ಲಿ" ಎಂದರು.

ಅಂದಿನಿಂದ ನನ್ನ ವ್ಯಾಪಾರ ಕುದುರಿತು. ಜಯಲಕ್ಷ್ಮಮ್ಮನೇ ಬೀದಿಯ ಸೊಸೆಯರನ್ನೆಲ್ಲ 'ಕ್ಲಾಸಿಗೆ' ಸೇರಿಸಿದರು. ಯಾವ ಸೊಸೆ ಬಾಯಿ ಬಿಡುವಂಥವಳು, ಯಾವಳು ಅಲ್ಲ ಎನ್ನುವ ಪಟ್ಟಿ ಅವರ ಬಳಿ ಇತ್ತು. ಸಾಹೇಬರು ಕೆಲಸಕ್ಕೆ ಇಬ್ಬರು ಹೆಂಗಸರನ್ನು ಇಟ್ಟುಕೊಂಡರು. ಮೆಡಲು ಇನ್ನೂ ಟಿವಿಯ ಮೇಲೆಯೇ ಇದೆ. ಬಂದವರಿಗೆ ಅದು ಬಟ್ಟೆ ತಾನು ಎಂದು ವಿವರಿಸುವಾಗ ಅತ್ತೆ ಸೊಸೆಯ ಕಡೆ ತಿರುಗಿ ಕಣ್ಣು ಹೊಡೆಯುತ್ತಾರಂತೆ. ಎಲ್ಲರೂ ಸುಖವಾಗಿದ್ದರು. ನನ್ನ ಬೋರ್ಡು ಮಾತ್ರ ಗೋಡೆ ನೋಡುತ್ತಾ ನಿಂತಿತ್ತು.

ಹೀಗಿರುವಾಗ ಹೋದ ತಿಂಗಳು ಬಡಾವಣೆಯ ಮಹಿಳಾ ಸಂಘದವರು ಹೊಲಿಗೆ ಸ್ಪರ್ಧೆ ಇಡುವುದಾಗಿ ಸಾರಿದರು. ತೀರ್ಪುಗಾರರು ಯಾರು? ಆಲ್ಕೊಳದ ಪ್ರಸಿದ್ಧ ಹೊಲಿಗೆ ಟೀಚರ್ ವಿಜಯಾ ಮೇಡಂ, ಅಂದರೆ ನಾನು. ತೀರ್ಪು ಕೊಟ್ಟರೆ ಸಾಲದು, ವೇದಿಕೆಯ ಮೇಲೆ ಹತ್ತು ನಿಮಿಷದಲ್ಲಿ ಒಂದು ತೋಳು ಹೊಲಿದು ತೋರಿಸಬೇಕು. ಜಯಲಕ್ಷ್ಮಮ್ಮ ನನ್ನ ಪರವಾಗಿ ಒಪ್ಪಿಕೊಂಡು, ಕರೆಯೋಲೆಯನ್ನೂ ಅಚ್ಚು ಹಾಕಿಸಿಬಿಟ್ಟಿದ್ದರು. "ಒಂದು ತೋಳು ತಾನೆ? ಇಷ್ಟು ದೊಡ್ಡ ತೋಳು ಮಾಡ್ಕೊಂಡಿದೀರ, ಅಷ್ಟು ಚಿಕ್ಕದು ಹೊಲಿಯೋಕೆ ಆಗಲ್ವಾ?" ಎಂದರು.

ಖಲೀಲ್ ಸಾಹೇಬರ ಬಳಿ ಕಲಿಯಲು ಕೂತೆ. ನೂರಿಪ್ಪತ್ತು ಕೆಜಿಗೆ ನಡುಗದ ಕೈ ಸೂಜಿಯ ಕಣ್ಣಿನ ಮುಂದೆ ಅಶ್ವತ್ಥದೆಲೆಯ ಹಾಗೆ ನಡುಗಿತು. ಮೊದಲ ದಿನವೇ ಪೆಡಲು ತುಳಿದ ರಭಸಕ್ಕೆ ಮಷೀನಿನ ಬೆಲ್ಟು ಕಿತ್ತುಬಂತು. "ಹಳೇ ಬೈಕ್ ಸ್ಟಾರ್ಟ್ ಮಾಡ್ತಿದೀರಾ ಮೇಡಂ? ಮೆಲ್ಲಗೆ, ಮೆಲ್ಲಗೆ. ಕತ್ತು ನೇರ. ಉಸಿರು ಬಿಡಿ." ಆ ಮುದುಕ ಎಷ್ಟು ಕಟ್ಟುನಿಟ್ಟೆಂದರೆ, ನಾಲ್ಕು ದಿನದಲ್ಲಿ ನನಗೆ ಅಂಗಡಿಯ ಮುಂದೆ ಹಾಯುವುದಕ್ಕೂ ಭಯವಾಗತೊಡಗಿತು. ಐದನೇ ದಿನ ನೆಂಟರು ಬಂದಿದ್ದಾರೆ ಎಂದು ಹೇಳಿಕಳಿಸಿದೆ. ಆರನೇ ದಿನ ತಲೆನೋವು ಬಂತು. ಏಳನೇ ದಿನ ಅಮ್ಮನನ್ನು ನೋಡಲು ಭದ್ರಾವತಿಗೆ ಹೋಗಿದ್ದಾರೆ ಎಂದು ಭಾಗ್ಯಳ ಬಾಯಲ್ಲಿ ಹೇಳಿಸಿ, ನಾನು ಮೇಲೆ ಪ್ಲೇಟುಗಳ ಹಿಂದೆ ಕಾಲು ಮಡಿಸಿ ಕೂತಿದ್ದೆ.

ಮೆಟ್ಟಿಲು ಹತ್ತುವ ಸದ್ದಾಯಿತು. "ಭದ್ರಾವತಿ ಬಸ್ಸು ಇಷ್ಟು ಬೇಗ ವಾಪಸ್ ಬಂತಾ ಮೇಡಂ?" ಎಂದು ಸಾಹೇಬರು ಗೋಡೆಯನ್ನು ಕೇಳಿದರು.

"ಇವತ್ತೊಂದು ದಿನ ಬಿಡಿ ಸಾಹೇಬ್ರೆ" ಎಂದೆ. "ಮೈ ಕೈ ನೋವು. ಸೋಮವಾರದಿಂದ ಖಂಡಿತ ತಪ್ಪಿಸಲ್ಲ."

ಹಾಲಿನಲ್ಲಿದ್ದ ಹನ್ನೆರಡು ಹೆಂಗಸರೂ ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆ ವಾಕ್ಯವನ್ನು ನನಗೆ ಎಷ್ಟು ಸಲ ಹೇಳಿದ್ದರೋ ಅವರಿಗೇ ಲೆಕ್ಕವಿಲ್ಲ. ಪ್ರತಿಸಲವೂ ನಾನು ಕೊಟ್ಟ ಉಪದೇಶ ಮಾತ್ರ ಒಬ್ಬೊಬ್ಬರಿಗೂ ಬಾಯಿಪಾಠವಾಗಿತ್ತು. ಎದ್ದು ಮೈ ಕೊಡವಿಕೊಂಡು ಸಾಹೇಬರ ಹಿಂದೆ ಕೆಳಗಿಳಿದೆ.

ನಾಲ್ಕನೇ ದಿನ ನಾನು ಹೊಲಿದು ಬಿಟ್ಟುಹೋಗಿದ್ದ ತೋಳನ್ನು ಅವರು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ತಮ್ಮ ಎರಡು ಬೆರಳನ್ನು ಒಳಗೆ ತೂರಿಸಿದರು. ಮೂರನೆಯದು ಹೋಗಲಿಲ್ಲ.

"ಇದು ಯಾರ ಅಳತೆ ಮೇಡಂ?"

"ಮಗೂದು" ಎಂದೆ.

ಅಳತೆ ತೆಗೆದದ್ದು ನನ್ನದೇ ತೋಳಿನದು.